ಶ್ರೀಲಂಕಾ ಒಪ್ಪಂದಕ್ಕೂ ನಮ್ಮ ಕಾಳುಮೆಣಸಿನ ಬೆಲೆಗೂ ಏನು ಸಂಬಂಧ?

ಸಕಲೇಶಪುರ ಬೆಳೆಗಾರ:
ನಮ್ಮದು ಮೂರು ಎಕರೆ ಕಾಫಿ ತೋಟ. ಸಿಲ್ವರ್ ಓಕ್ ಮರಗಳಿಗೆ ಪಣಿಯೂರು ತಳಿಯ ಮೆಣಸಿನ ಬಳ್ಳಿ ಹಬ್ಬಿಸಿದ್ದೇವೆ. ಕಾಫಿ ದುಡ್ಡು ಕೂಲಿ, ಗೊಬ್ಬರಕ್ಕೇ ಸರಿಹೋಗುತ್ತದೆ. ಕೈಯಲ್ಲಿ ಉಳಿಯುವುದು ಮೆಣಸಿನ ದುಡ್ಡು ಮಾತ್ರ. 2016ರಲ್ಲಿ ಕೆಜಿಗೆ ಹತ್ತಿರ ಹತ್ತಿರ 700 ರೂಪಾಯಿ ಸಿಕ್ಕಿತ್ತು. 2019ರಲ್ಲಿ 350ಕ್ಕೆ ಕೊಟ್ಟೆವು. ವ್ಯಾಪಾರಿ 'ಹೊರಗಿನ ಮಾಲು ಬಂದಿದೆ' ಅಂದರು. ಆದರೆ 500 ರೂಪಾಯಿಗಿಂತ ಕಡಿಮೆ ಬೆಲೆಗೆ ಆಮದು ಮಾಡುವಂತಿಲ್ಲ ಅಂತ 2017ರ ಡಿಸೆಂಬರ್‌ನಲ್ಲೇ ಕೇಂದ್ರ ಸರ್ಕಾರ ಹೇಳಿತ್ತು ಅಲ್ವಾ? ಮತ್ತೆ ಹೇಗೆ ಬಿತ್ತು?

ಮಡಿಕೇರಿಯವ:
ವಿಯೆಟ್ನಾಂ ಮೆಣಸು ನೇರವಾಗಿ ಬಂದರೆ ಆಸಿಯಾನ್ (ಆಗ್ನೇಯ ಏಷ್ಯಾ ದೇಶಗಳ ಕೂಟ) ಜೊತೆಗಿನ ವ್ಯಾಪಾರ ಒಪ್ಪಂದದಲ್ಲೂ ಶೇ 50ರಷ್ಟು ಸುಂಕ ಬೀಳುತ್ತದೆ. ಶ್ರೀಲಂಕಾದ್ದಾದರೆ, 2000ದಲ್ಲಿ ಜಾರಿಗೆ ಬಂದ ಭಾರತ-ಶ್ರೀಲಂಕಾ ಮುಕ್ತ ವ್ಯಾಪಾರ ಒಪ್ಪಂದದ ಪ್ರಕಾರ ವರ್ಷಕ್ಕೆ 2,500 ಟನ್‌ವರೆಗೆ ಸುಂಕವೇ ಇಲ್ಲ. ಅದಕ್ಕಿಂತ ಜಾಸ್ತಿ ತಂದರೂ ಸಾಫ್ಟಾ (ದಕ್ಷಿಣ ಏಷ್ಯಾ ದೇಶಗಳ ಮುಕ್ತ ವ್ಯಾಪಾರ ಒಪ್ಪಂದ) ಲೆಕ್ಕದಲ್ಲಿ ಶೇ 8 ಅಷ್ಟೇ. ಹಾಗಾಗಿ ವಿಯೆಟ್ನಾಂ ಮಾಲನ್ನು ಕೊಲಂಬೊದಲ್ಲಿ ಇಳಿಸಿ, ಅಲ್ಲೇ ಬೆಳೆದದ್ದು ಅಂತ ಪ್ರಮಾಣಪತ್ರ ಮಾಡಿಸಿ ಇಲ್ಲಿಗೆ ಕಳಿಸುತ್ತಾರೆ ಅನ್ನುವುದು ಬೆಳೆಗಾರರ ಸಂಘಗಳ ಹಳೆಯ ದೂರು. ಕಡಿಮೆಗೆ ಕೊಂಡು ಬಿಲ್ಲಿನಲ್ಲಿ 500 ಅಂತ ಬರೆಸುತ್ತಾರೆ ಅನ್ನುವ ದೂರೂ ಇದೆ.

ಶ್ರೀಲಂಕಾದ ಸಣ್ಣ ರೈತನೂ ಬದುಕಬೇಕು, ಅವನು ಬೆಳೆದದ್ದು ಬರಲಿ. ಆ ಪ್ರಮಾಣಪತ್ರ ನಿಜವೋ ಸುಳ್ಳೋ ಅನ್ನುವುದನ್ನು ಮಾತ್ರ ಬಂದರಿನಲ್ಲೇ ಗಟ್ಟಿಯಾಗಿ ನೋಡಲೇಬೇಕು.

ಕೊಚ್ಚಿ ಕನ್ನಡಿಗ:
ಬಂದದ್ದೆಲ್ಲ ಕಳ್ಳದಾರಿಯ ಮಾಲಲ್ಲ. ಇಲ್ಲಿ ಮೆಣಸಿನ ಎಣ್ಣೆ, ಸಾರ ತೆಗೆಯುವ ಕಾರ್ಖಾನೆಗಳಿವೆ. ರಫ್ತಿಗೆಂದು ತರಿಸುವ ಕಾಳಿಗೆ 500ರ ಷರತ್ತಿನಿಂದ ವಿನಾಯಿತಿ ಕೊಟ್ಟಿದ್ದಾರೆ. ಜೊತೆಗೆ ಆ ವರ್ಷಗಳಲ್ಲಿ ವಿಯೆಟ್ನಾಂನಲ್ಲಿ ವಿಪರೀತ ಬೆಳೆ. ಎಲ್ಲ ಕಡೆಯೂ ರೇಟು ಇಳಿದಿತ್ತು.

ಸಕಲೇಶಪುರ ಬೆಳೆಗಾರ:
ಇಬ್ಬರಿಗೂ ಥ್ಯಾಂಕ್ಸ್ ಸಾರ್. ಹೊಡೆತ ಎಲ್ಲರಿಗೂ ಒಂದೇ ಥರ ಬೀಳುವುದಿಲ್ಲ ನೋಡಿ. ಚೆನ್ನಾಗಿ ಒಣಗಿಸಿದ ಮೆಣಸು ವರ್ಷಗಟ್ಟಲೆ ಕೆಡುವುದಿಲ್ಲ, ದೊಡ್ಡ ಎಸ್ಟೇಟಿನವರು ಗೋದಾಮಿನಲ್ಲಿಟ್ಟು ಕಾಯುತ್ತಾರೆ. ನಮಗೆ ಕೊಯ್ಲು ಮುಗಿಯುವ ಹೊತ್ತಿಗೇ, ಮಾರ್ಚ್‌ನಲ್ಲಿ, ಸೊಸೈಟಿ ಸಾಲ ಕಟ್ಟಬೇಕು. ವ್ಯಾಪಾರಿ ಕಾಳನ್ನು ಲೀಟರ್ ಅಳತೆಗೆ ತುಂಬಿ ತೂಗುತ್ತಾರೆ. 550 ಗ್ರಾಂ ಬರದಿದ್ದರೆ ಇನ್ನಷ್ಟು ಕಡಿತ. ಅವತ್ತು ಅವರು ಹೇಳಿದ್ದೇ ಬೆಲೆ.

ಉಗ್ರಾಣದಲ್ಲಿಟ್ಟ ಮೆಣಸಿನ ರಸೀದಿ ಮೇಲೆ ಸಾಲ ಪಡೆದವರು ಇಲ್ಲಿ ಯಾರಾದರೂ ಇದ್ದೀರಾ? ಬಡ್ಡಿ ಎಷ್ಟು, ಕಡಿಮೆ ಅಂದರೆ ಎಷ್ಟು ಚೀಲ ಇಡಬೇಕು, ದಯವಿಟ್ಟು ತಿಳಿಸಿ. ಈ ಸಲದ ಕೊಯ್ಲು ಮುಗಿದ ಕೂಡಲೇ ನಾವು ನಾಲ್ಕೈದು ಮನೆಯವರು ಸೇರಿ ಇಡೋಣ ಅಂತಿದ್ದೇವೆ.