ಮಂಡಕಳ್ಳಿಯ ಸ್ಕೈಡೈವಿಂಗ್ ಕ್ಲಬ್: ನೆನಪಿರುವವರು ತಿಳಿಸಿ

ಪ್ರಶ್ನೆ: ಮೈಸೂರಿನ ಮಂಡಕಳ್ಳಿ ವಿಮಾನ ನಿಲ್ದಾಣದಿಂದ ಹಾರಿ ಪ್ಯಾರಾಚೂಟಿನಲ್ಲಿ ಇಳಿಯುತ್ತಿದ್ದ, ಈಗ ಮುಚ್ಚಿಹೋಗಿರುವ ಕ್ಲಬ್ಬಿನ ಇತಿಹಾಸವನ್ನು ದಾಖಲಿಸಬೇಕೆಂದಿದ್ದೇನೆ. ಅಲ್ಲಿ ಕಲಿತವರು ದಯವಿಟ್ಟು ಬರೆಯಿರಿ.

ಉತ್ತರ 1: ಹೊಸಬರಿಗೆ ಸ್ಟ್ಯಾಟಿಕ್ ಲೈನ್ ಪದ್ಧತಿಯಿತ್ತು. ವಿಮಾನಕ್ಕೆ ಕಟ್ಟಿದ ಪಟ್ಟಿಯೇ ಪ್ಯಾರಾಚೂಟನ್ನು ಎಳೆದು ಬಿಚ್ಚುತ್ತಿದ್ದುದರಿಂದ, ಜಿಗಿದವರು ಮೈಯನ್ನು ಬಿಲ್ಲಿನಂತೆ ಬಾಗಿಸಿ, ತಲೆಯೆತ್ತಿ ಅದು ಪೂರ್ತಿ ಅರಳಿದೆಯೇ ಎಂದು ನೋಡಬೇಕಿತ್ತು; ಅರಳದಿದ್ದರೆ ಅದನ್ನು ಕಳಚಿ ಮೀಸಲು ಪ್ಯಾರಾಚೂಟನ್ನು ತೆರೆಯಬೇಕಿತ್ತು. ತೂಗುಹಾಕಿದ ಹಾರ್ನೆಸ್ಸಿನಲ್ಲಿ (ಮೈಗೆ ಬಿಗಿಯುವ ಪಟ್ಟಿಗಳ ಕವಚ) ಕೂರಿಸಿ, ಕೈಗೆ ರೂಢಿಯಾಗುವವರೆಗೂ ಇದನ್ನೇ ಮಾಡಿಸುತ್ತಿದ್ದರು.

ಉತ್ತರ 2: ಮೇಲಿನ ಉತ್ತರದಲ್ಲಿ ಸರ್ ಹೇಳಿದ್ದು ನಿಜ. ನನಗೆ ಜಿಗಿತಕ್ಕಿಂತಲೂ ಪ್ಯಾಕಿಂಗ್, ಅಂದರೆ ಪ್ಯಾರಾಚೂಟನ್ನು ಮಡಿಸಿಡುವ ಕೆಲಸ, ಹೆಚ್ಚು ನೆನಪಿದೆ. ಟಾರ್ಪಾಲಿನ ಮೇಲೆ ಮಂಡಿಯೂರಿ, ಬಟ್ಟೆಯೊಳಗಿನ ಗಾಳಿಯನ್ನು ಎದೆಯಿಂದ ಒತ್ತಿ ಹೊರಹಾಕಿ, ಹಗ್ಗಗಳನ್ನು ಸಿಕ್ಕಾಗದಂತೆ ಮಡಿಸಿ ರಬ್ಬರ್ ಬ್ಯಾಂಡುಗಳಿಗೆ ಸಿಕ್ಕಿಸುತ್ತಿದ್ದೆವು. ಗಾಳಿ ಜೋರಾದರೆ ಹಾರಾಟವಿಲ್ಲ. ಚಾಮುಂಡಿ ಬೆಟ್ಟದ ಕಡೆ ನೋಡುತ್ತಾ ಕಾಯುವುದಷ್ಟೇ.

ಉತ್ತರ 3: 2010ರಲ್ಲಿ ಅಲ್ಲಿ ಹೊಸ ಟರ್ಮಿನಲ್ ಬಂದಿತು. ಪ್ರಯಾಣಿಕರ ವಿಮಾನಗಳ ವೇಳೆಗೆ ಹೊಂದಿಕೊಂಡು, ವಾಯುಸಂಚಾರ ನಿಯಂತ್ರಣದ ಅನುಮತಿ ಪಡೆದು, ವಿಮಾನದ ಬಾಡಿಗೆಯನ್ನೂ ಭರಿಸುವುದು ಸಣ್ಣ ಕ್ಲಬ್ಬಿಗೆ ಬಹಳ ಭಾರವೆಂದೇ ನನ್ನ ಅಭಿಪ್ರಾಯ. ಹಳೆಯ ಸದಸ್ಯರು ತಮ್ಮ ಲಾಗ್‌ಬುಕ್ಕುಗಳನ್ನು ಸ್ಕ್ಯಾನ್ ಮಾಡಿ ಕಳುಹಿಸಲಿ. ಜಿಗಿದ ದಿನಾಂಕ, ಎತ್ತರ, ತರಬೇತುದಾರರ ಸಹಿ ಎಲ್ಲವೂ ಅದರಲ್ಲಿರುತ್ತವೆ.