ಹಿಂಬದಿ ಧರೆಯಲ್ಲಿ ತೆರೆದುಕೊಂಡ ಸುರಂಗ: ಮಣ್ಣು ತುಂಬುವ ಮೊದಲು ಎಲ್ಲರೂ ಓದಬೇಕೆಂದು ಕೋರಿಕೆ

ಸಂಘದ ಕಾರ್ಯದರ್ಶಿ, ಶನಿವಾರ ಸಂಜೆ 6:40

ಎಲ್ಲ ನಿವಾಸಿಗಳ ಗಮನಕ್ಕೆ. ಮಳೆ ಹಿಡಿಯುವ ಮೊದಲೇ ಮೇಲಿನ ಸಾಲಿನ ಮನೆಗಳ ಹಿಂದೆ ಚರಂಡಿ ತೆಗೆಸುತ್ತಿದ್ದೆವು. ಇಂದು ಮಧ್ಯಾಹ್ನ ಜೆಸಿಬಿಯ ಬಕೆಟ್ ತಾಗಿ ಧರೆಯ, ಅಂದರೆ ಗುಡ್ಡ ಕಡಿದ ಬದಿಯ, ಒಂದು ಭಾಗ ಜಾರಿ, ಅದರ ಹಿಂದೆ ಮನುಷ್ಯರು ಕಡಿದ ಸುರಂಗದ ಬಾಯಿ ಕಾಣಿಸಿಕೊಂಡಿದೆ. ನಾನು ಹೊರಗೆ ನಿಂತೇ ಟಾರ್ಚ್ ಹಾಯಿಸಿ ನೋಡಿದೆ. ಅಗಲ ಎರಡೂವರೆ ಅಡಿ, ಎತ್ತರ ಐದು ಅಡಿಯ ಆಸುಪಾಸು ಇದೆ. ಎರಡೂ ಬದಿಯ ಜಂಬಿಟ್ಟಿಗೆಯ (ಕೆಂಪು ಮುರಕಲ್ಲಿನ) ಮೇಲೆ ಪಿಕಾಸಿಯ ಓರೆ ಗೆರೆಗಳು ಒಂದರ ಪಕ್ಕ ಒಂದು ಸ್ಪಷ್ಟವಾಗಿವೆ. ಎಡಬದಿಯಲ್ಲಿ ಅಂಗೈಯಗಲದ ದೀಪದ ಗೂಡಿದೆ, ಅದರ ಮೇಲ್ಭಾಗಕ್ಕೆ ಹಿಡಿದ ಮಸಿ ಇನ್ನೂ ಹೋಗಿಲ್ಲ. ಹದಿನೈದು ಅಡಿ ಒಳಗೆ ಗೋಡೆ ಬೇರೆಯಾಗಿ, ಕೆತ್ತಿದ ಕಲ್ಲುಗಳನ್ನು ಗಾರೆಯಲ್ಲಿ ಕೂರಿಸಿದಂತೆ ಕಾಣುತ್ತದೆ; ಅಲ್ಲಿಂದ ಮುಂದೆ ಸುರಂಗ ಬಲಕ್ಕೆ ತಿರುಗುತ್ತದೆ. ಕೆಲಸ ನಿಲ್ಲಿಸಿದ್ದೇನೆ. ದಯವಿಟ್ಟು ಯಾರೂ ಒಳಗೆ ಹೋಗಬೇಡಿ, ಮಕ್ಕಳನ್ನು ಆ ಕಡೆ ಬಿಡಬೇಡಿ.

ಮನೆ 22, ಸಂಜೆ 7:25

ಕಾರ್ಯದರ್ಶಿಗಳೇ, ಆ ಬಾಯಿಗೂ ನಮ್ಮ ಅಡುಗೆಮನೆಯ ಗೋಡೆಗೂ ನಡುವೆ ಇರುವುದು ಹನ್ನೆರಡು ಅಡಿ ಮಾತ್ರ. ಸುರಂಗ ಬಲಕ್ಕೆ ತಿರುಗಿದೆ ಎಂದರೆ ನಮ್ಮ ಮನೆಯ ಅಡಿಗೇ ಬಂದಿದೆ ಎಂದರ್ಥ. ಹತ್ತು ದಿನದಲ್ಲಿ ಮಳೆ ಶುರುವಾಗುತ್ತದೆ. ನಾಳೆ ಬೆಳಿಗ್ಗೆಯೇ ಎರಡು ಲೋಡ್ ಕಲ್ಲುಮಣ್ಣು ತರಿಸಿ ಬಾಯಿ ಮುಚ್ಚಿಸೋಣ, ಖರ್ಚು ನಾನೇ ಕೊಡುತ್ತೇನೆ. ಇನ್ನೊಂದು ಮಾತನ್ನೂ ಮುಚ್ಚುಮರೆಯಿಲ್ಲದೆ ಹೇಳುತ್ತೇನೆ: ಪುರಾತತ್ವ ಇಲಾಖೆಯವರು ಒಮ್ಮೆ ಬಂದರೆ ಮನೆ ಮೇಲೆ ಮನೆ ಕಟ್ಟಲು, ಮಾರಲು, ಸಾಲ ಪಡೆಯಲು ಆಗದು ಎಂದು ಕೇಳಿದ್ದೇನೆ. ಇಪ್ಪತ್ತು ವರ್ಷ ದುಡಿದು ಕಟ್ಟಿದ ಮನೆ ಇದು.

ಮನೆ 5, ಸಂಜೆ 7:50

ಇದು ಎರಡನೆಯ ಮಹಾಯುದ್ಧದ ಕಾಲದ ಬಂಕರ್ ಇರಬಹುದೆಂದು ನನಗನ್ನಿಸುತ್ತದೆ. ಜೋಗದ ವಿದ್ಯುದಾಗಾರದ ಕೆಲಸ 1939ರಲ್ಲಿ ಆರಂಭವಾಗಿ, ಯುದ್ಧದ ವರ್ಷಗಳನ್ನೆಲ್ಲ ದಾಟಿ 1948ರಲ್ಲಿ ಮುಗಿಯಿತು. ನಮ್ಮ ಅಜ್ಜ ಅಲ್ಲಿ ಬಂಡೆ ಒಡೆಯುವ ಕೆಲಸದಲ್ಲಿದ್ದರು. ಸಿಡಿಮದ್ದನ್ನು ನೆಲದೊಳಗೆ ಇಡುತ್ತಿದ್ದರೆಂದು ಹೇಳುತ್ತಿದ್ದರು. ಮುಂಬೈ ರಾಜಭವನದ ಅಡಿಯಲ್ಲಿ 2016ರಲ್ಲಿ ಬ್ರಿಟಿಷರ ಕಾಲದ ಹದಿಮೂರು ಕೋಣೆಗಳ ಬಂಕರ್ ಸಿಕ್ಕಿತಲ್ಲ, ಅದರ ಮೇಲೆ ಹಗಲಿರುಳು ಓಡಾಡುತ್ತಿದ್ದವರಿಗೂ ಅಲ್ಲಿಯವರೆಗೆ ಅದರ ಸುಳಿವಿರಲಿಲ್ಲ. ಈಗ ಅದು ವಸ್ತುಸಂಗ್ರಹಾಲಯವಾಗಿದೆ.

ಮನೆ 9, ರಾತ್ರಿ 8:30

ಮೂವತ್ತು ವರ್ಷ ಭೂವಿಜ್ಞಾನ ಪಾಠ ಮಾಡಿದವನಾಗಿ ಕೆಲವು ಮಾತು ಹೇಳಬೇಕಾಗಿದೆ. ಉದ್ದವಾದರೂ ದಯವಿಟ್ಟು ಪೂರ್ತಿ ಓದಿ.

ಮೊದಲು ಬಂಕರಿನ ವಿಷಯ. ಆ ಯುದ್ಧದ ಕಾಲದಲ್ಲಿ ಸರ್ಕಾರ ಕಟ್ಟಿಸಿದ್ದಾದರೆ ಕಾಂಕ್ರೀಟು, ಕಬ್ಬಿಣದ ಸರಳು, ಗಾಳಿ ಕಿಂಡಿ, ಚರಂಡಿ, ಇವುಗಳಲ್ಲಿ ಒಂದಾದರೂ ಕಾಣಬೇಕಿತ್ತು. ಇಲ್ಲಿ ಪಿಕಾಸಿಯ ಗುರುತು, ದೀಪದ ಗೂಡು, ಸುಣ್ಣದ ಗಾರೆ ಇವೆ. ಇದು ಕೈಕೆಲಸ, ಬಹುಶಃ ಹಳೆಯದು. ಇಕ್ಕೇರಿ ಇಲ್ಲಿಗೆ ಐದಾರು ಕಿಲೋಮೀಟರ್, ಕೆಳದಿಯೂ ಹತ್ತಿರ. ನಮ್ಮ ಸಾಗರ ಪಟ್ಟಣದ ಸುತ್ತಲಿನ ನೆಲದಲ್ಲಿ, ಆ ಊರುಗಳಿಂದ ಆಳಿದ ಕೆಳದಿ ನಾಯಕರ ಕಾಲದ ಕೆಲಸ ಸಿಕ್ಕರೆ ಅದು ಅಚ್ಚರಿಯಲ್ಲ. ಹಾಗೆಂದು ಇಕ್ಕೇರಿ ಕೋಟೆಗೆ ಹೋಗುವ ಗುಪ್ತದ್ವಾರ ಇದೇ ಎಂದು ಈಗಲೇ ಹೇಳುವುದೂ ಸರಿಯಲ್ಲ. ಜಂಬಿಟ್ಟಿಗೆ ನಾಡಿನಲ್ಲಿ ನೀರಿಗಾಗಿ ಗುಡ್ಡಕ್ಕೆ ಅಡ್ಡಲಾಗಿ ಸುರಂಗ ತೋಡುವ ಪದ್ಧತಿಯೂ ಇದೆ. ಬಂಟ್ವಾಳ ತಾಲ್ಲೂಕಿನ ಮಾಣಿಲದಲ್ಲಿ, ಕಾಸರಗೋಡಿನ ಕಡೆ ಅಂಥವು ನೂರಾರು ಇವೆ. ಒಬ್ಬಂಟಿಯಾಗಿ ಸುರಂಗ ತೋಡಿ ಒಣಗುಡ್ಡಕ್ಕೆ ನೀರು ತಂದ ಅಡ್ಯನಡ್ಕದ ಅಮೈ ಮಹಾಲಿಂಗ ನಾಯ್ಕರಿಗೆ 2022ರಲ್ಲಿ ಪದ್ಮಶ್ರೀ ಬಂತು. ಅಂಥ ಸುರಂಗದ ಲಕ್ಷಣವೆಂದರೆ, ಒಳಗಿನ ನೀರು ತಾನಾಗಿ ಹೊರಗೆ ಬರಲೆಂದು ನೆಲವನ್ನು ಬಾಯಿಯ ಕಡೆಗೆ ಇಳಿಜಾರಾಗಿ ಕಡಿದಿರುತ್ತಾರೆ. ಸಂಜೆ ನಾನು ಹೋಗಿ ನೋಡಿದಾಗ ನೆಲದ ಮಧ್ಯೆ ದಾರದಷ್ಟು ಸಣ್ಣ ನೀರು ಬಾಯಿಯ ಕಡೆಗೇ ಹರಿಯುತ್ತಿತ್ತು. ಮೇ ತಿಂಗಳ ಕೊನೆಯಲ್ಲಿ, ಬಾವಿಗಳು ತಳ ಕಂಡಿರುವ ಹೊತ್ತಿನಲ್ಲಿ, ಆ ನೀರು ಬರುತ್ತಿದೆ ಎಂಬುದನ್ನು ಗಮನಿಸಿ.

ಮಣ್ಣು ತುಂಬಬಾರದು ಎನ್ನಲು ನನಗಿರುವ ಮುಖ್ಯ ಕಾರಣ ಇದೇ. ನಮ್ಮ ಧರೆಯಲ್ಲಿ ಮೇಲೆ ಗಟ್ಟಿ ಜಂಬಿಟ್ಟಿಗೆ, ಅದರ ಅಡಿಗೆ ಶೇಡಿ ಮಣ್ಣು. ಜಂಬಿಟ್ಟಿಗೆ ಗಾಳಿ ತಾಗಿದಷ್ಟೂ ಗಟ್ಟಿಯಾಗುತ್ತದೆ. ಶೇಡಿ ಮಣ್ಣು ಒಣಗಿರುವಾಗ ಕಲ್ಲಿನಂತಿದ್ದು, ನೀರು ಕುಡಿದರೆ ಹಿಟ್ಟಿನಂತೆ ಕರಗಿ ಹರಿದುಹೋಗುತ್ತದೆ. ಈಗ ಈ ಸುರಂಗ ಗುಡ್ಡದೊಳಗಿನ ನೀರಿಗೆ ಚರಂಡಿಯ ಕೆಲಸ ಮಾಡುತ್ತಿದೆ. ಬಾಯಿಯನ್ನು ಬಿಗಿದರೆ ಜುಲೈ ತಿಂಗಳ ಮಳೆಗೆ ಆ ನೀರೆಲ್ಲ ಒಳಗೇ ನಿಂತು, ಒತ್ತಡ ಏರಿ, ಶೇಡಿ ಮಣ್ಣನ್ನು ಕದಡಿಕೊಂಡು ಬೇರೆ ದಾರಿ ಹುಡುಕುತ್ತದೆ. ಆ ದಾರಿ ಮನೆ 22ರ ಅಡಿಪಾಯದ ಪಕ್ಕದಲ್ಲೇ ಆಗಬಹುದು. ಮಲೆನಾಡಿನಲ್ಲಿ ಧರೆ ಕುಸಿದ ಎಷ್ಟೋ ಕಡೆ, ನೀರು ಹೋಗುವ ದಾರಿಯನ್ನು ಯಾರೋ ತಿಳಿಯದೆ ಕಟ್ಟಿದ್ದೇ ಕಾರಣವಾಗಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಆದ್ದರಿಂದ ಮುಚ್ಚುವುದು ಸುರಕ್ಷೆ, ತೆರೆದಿಡುವುದು ಅಪಾಯ ಎಂದು ಭಾವಿಸಬೇಡಿ.

ಒಳಗೆ ಹೋಗುವುದಂತೂ ಸಲ್ಲದು. ಹೊರಗಿನ ಗಾಳಿಯಲ್ಲಿ ಶೇಕಡಾ 21ರಷ್ಟು ಆಮ್ಲಜನಕವಿದೆ, ಅದು 19.5ಕ್ಕಿಂತ ಕೆಳಗಿಳಿದ ಜಾಗಕ್ಕೆ ಉಸಿರಾಟದ ಉಪಕರಣವಿಲ್ಲದೆ ಕಾಲಿಡಬಾರದು. ಇಂಗಾಲದ ಡೈಆಕ್ಸೈಡು ಗಾಳಿಗಿಂತ ಭಾರವಾದ್ದರಿಂದ ತಗ್ಗಿನಲ್ಲಿ ನಿಲ್ಲುತ್ತದೆ. ದೀಪ ಉರಿಯುತ್ತಿದೆ, ಆದ್ದರಿಂದ ಗಾಳಿ ಚೆನ್ನಾಗಿದೆ ಎಂಬ ಹಳೆಯ ಲೆಕ್ಕವನ್ನು ನಂಬಿ ಬಾವಿಗಿಳಿದು ಪ್ರಾಣ ಬಿಟ್ಟವರಿದ್ದಾರೆ.

ಮನೆ 31, ರಾತ್ರಿ 9:50

ಮೇಷ್ಟ್ರೇ, ಈಗಷ್ಟೇ ತಿಳಿದ ವಿಷಯ. ನನ್ನ ಮಗ ಮಧ್ಯಾಹ್ನ ಜೆಸಿಬಿ ಎಳೆದು ಹಾಕಿದ ಮಣ್ಣಿನ ಗುಡ್ಡೆಯಿಂದ ತುಕ್ಕು ಹಿಡಿದ ಕಬ್ಬಿಣದ ಕೊಳವೆಯೊಂದನ್ನು ಎತ್ತಿಕೊಂಡು ಬಂದಿದ್ದಾನೆ. ಒಂದು ಗೇಣಿಗಿಂತ ಸ್ವಲ್ಪ ಉದ್ದವಿದೆ, ಒಂದು ತುದಿ ಮುಚ್ಚಿದೆ, ಒಳಗೆ ಕಪ್ಪು ಮಣ್ಣಿನಂಥದ್ದು ಗಟ್ಟಿಯಾಗಿ ಕೂತಿದೆ. ತೊಳೆದು ಕಾಂಪೌಂಡ್ ಗೋಡೆಯ ಮೇಲೆ ಒಣಗಲು ಇಟ್ಟಿದ್ದನಂತೆ. ಅವನನ್ನು ಬೈದಿಲ್ಲ; ಹೆದರಿ ಮುಚ್ಚಿಟ್ಟರೆ ಕಷ್ಟವೆಂದು ಸಮಾಧಾನವಾಗಿಯೇ ಕೇಳಿದೆ. ಈಗ ಏನು ಮಾಡಲಿ?

ಮನೆ 14, ರಾತ್ರಿ 9:56

ಅಕ್ಕ, ಅದನ್ನು ಮುಟ್ಟಬೇಡಿ, ಒಳಗೆ ತರಬೇಡಿ, ಕೆರೆಯಬೇಡಿ. ಗೋಡೆಯ ಆ ಬದಿಗೆ ಯಾರೂ ಹೋಗದಂತೆ ನೋಡಿಕೊಂಡು ಈಗಲೇ 112ಕ್ಕೆ ಕರೆ ಮಾಡಿ. ಪಕ್ಕದ ಮನೆಯವರಿಗೂ ತಿಳಿಸಿ.

ಇಷ್ಟು ಅವಸರಪಡಲು ಕಾರಣವಿದೆ. ನನ್ನ ತವರು ಹೊಸನಗರ ತಾಲ್ಲೂಕಿನ ನಗರ ಎಂಬ ಊರು, ಅಂದರೆ ಹಿಂದಿನ ಬಿದನೂರು. ಅಲ್ಲಿ 2018ರ ಜುಲೈಯಲ್ಲಿ ಪಾಳು ಬಾವಿಯೊಂದನ್ನು ಅಗೆದಾಗ ಸಾವಿರಕ್ಕೂ ಹೆಚ್ಚು ಕಬ್ಬಿಣದ ರಾಕೆಟ್ಟುಗಳು ಸಿಕ್ಕವು. ಮಣ್ಣು ಮದ್ದಿನ ವಾಸನೆ ಹೊಡೆಯುತ್ತಿದ್ದುದರಿಂದಲೇ ಪುರಾತತ್ವ ಇಲಾಖೆಯವರಿಗೆ ಅನುಮಾನ ಬಂದದ್ದು. ಒಂದೊಂದೂ 23ರಿಂದ 26 ಸೆಂಟಿಮೀಟರ್ ಉದ್ದ. ಕೆಳದಿ ಅರಸರ ರಾಜಧಾನಿಯಾಗಿದ್ದ ಬಿದನೂರನ್ನು 1763ರಲ್ಲಿ ಹೈದರಾಲಿ ಗೆದ್ದುಕೊಂಡ, 1783ರಲ್ಲಿ ಇಂಗ್ಲಿಷರು ಹಿಡಿದರು, ಅದೇ ವರ್ಷ ಟಿಪ್ಪು ಮರಳಿ ವಶಪಡಿಸಿಕೊಂಡ. ಆ ಯುದ್ಧಗಳ ಕಾಲದ ಸಾಮಾನು ಅದು. ಈ ಕೊಳವೆಯೂ ಅದೇ ಎಂದು ನಾನು ಹೇಳುತ್ತಿಲ್ಲ, ಬರೀ ನೀರಿನ ಕೊಳವೆಯೂ ಇದ್ದೀತು. ಆದರೆ ಮದ್ದು ಎಷ್ಟು ಹಳೆಯದಾದರೂ ಒಣಗಿದರೆ ಮತ್ತೆ ಹೊತ್ತಿಕೊಳ್ಳಬಹುದು. ಬಿಸಿಲಿಗೆ ಇಟ್ಟಿದ್ದು ಎಂದು ಓದಿ ನನ್ನ ಕೈ ನಡುಗಿತು.

ಮನೆ 31, ರಾತ್ರಿ 11:35

ಪೊಲೀಸರು ಬಂದು, ನಮ್ಮನ್ನೆಲ್ಲ ರಸ್ತೆಯ ಆಚೆ ಬದಿಗೆ ಕಳಿಸಿ, ಆ ವಸ್ತುವಿನ ಸುತ್ತ ಮರಳು ಚೀಲ ಇಟ್ಟು ಕಾವಲು ಹಾಕಿದ್ದಾರೆ. ಶಿವಮೊಗ್ಗದಿಂದ ಬಾಂಬ್ ನಿಷ್ಕ್ರಿಯ ದಳದವರು ಬೆಳಿಗ್ಗೆ ಬರುತ್ತಾರಂತೆ. ಮಗ ನನ್ನ ಪಕ್ಕದಲ್ಲೇ ಮಲಗಿದ್ದಾನೆ. ಇಂದು ಅಲ್ಲಿ ಆಡಿದ ಇನ್ನೂ ಮೂರು ಮಕ್ಕಳಿದ್ದಾರೆ. ಅವರ ತಂದೆತಾಯಿಯರು ದಯವಿಟ್ಟು ಚೀಲ, ಜೇಬು, ಸೈಕಲ್ ಬುಟ್ಟಿ ಎಲ್ಲವನ್ನೂ ಈಗಲೇ ನೋಡಿ.

ಸಂಘದ ಕಾರ್ಯದರ್ಶಿ, ಭಾನುವಾರ ಬೆಳಿಗ್ಗೆ 6:15

ಇನ್ನೊಂದು ಚಿಂತೆಯ ವಿಷಯ. ಬೆಳಗಿನ ಜಾವ ಹೋಗಿ ನೋಡಿದರೆ ಸುರಂಗದ ಬಾಯಿಯಲ್ಲಿ ನಾಲ್ಕಾಗಿ ಸೀಳಿದ ನಿಂಬೆಹಣ್ಣು, ಅದರ ಮೇಲೆ ಕುಂಕುಮ, ಪಕ್ಕದಲ್ಲಿ ಒಡೆದ ತೆಂಗಿನಕಾಯಿಯ ಒಂದು ಹೋಳು ಬಿದ್ದಿತ್ತು. ಕೆಸರಿನಲ್ಲಿ ಎರಡು ಜೊತೆ ಬೂಟಿನ ಗುರುತುಗಳು ಒಳಗೆ ಹೋಗಿ ಹೊರಬಂದಿವೆ. ನಮ್ಮವರು ಯಾರೂ ಅಲ್ಲವೆಂದು ನಂಬಿದ್ದೇನೆ. ನಿಧಿಯಾಸೆಗೆ ಮಲೆನಾಡಿನ ಪಾಳು ಗುಡಿಗಳ ಲಿಂಗ, ಬಸವನ ಮೂರ್ತಿಗಳನ್ನೇ ಕಿತ್ತು ಗುಂಡಿ ತೋಡಿದವರು ಇಲ್ಲಿಗೂ ಬಾರದಿರುವುದಿಲ್ಲ. ನಿನ್ನೆ ತೆಗೆದ ಚಿತ್ರಗಳನ್ನು ಹೊರಗಿನ ಗುಂಪುಗಳಿಗೆ ಕಳಿಸಿದವರಿದ್ದರೆ ದಯವಿಟ್ಟು ಅಳಿಸಿಬಿಡಿ.

ಕಾನೂನಿನ ಮಾತನ್ನೂ ಹೇಳಿಬಿಡುತ್ತೇನೆ. ನೆಲದಡಿ ಹುದುಗಿ ಸಿಕ್ಕ ಬೆಲೆಬಾಳುವ ವಸ್ತುವನ್ನು ಜಿಲ್ಲಾಡಳಿತಕ್ಕೆ ತಿಳಿಸುವುದು ಸಿಕ್ಕವರ ಕರ್ತವ್ಯ. ಮುಚ್ಚಿಟ್ಟುಕೊಂಡರೆ ಅದು ಅಪರಾಧ. ನಾವು ತಿಳಿಸದೆ ಮಣ್ಣು ತುಂಬಿ, ಆಮೇಲೆ ಯಾರಾದರೂ ರಾತ್ರಿ ಅಗೆದು ಏನಾದರೂ ಸಾಗಿಸಿದರೆ, ಉತ್ತರ ಕೊಡಬೇಕಾದವರು ಈ ಬಡಾವಣೆಯವರೇ.

ಮನೆ 22, ಬೆಳಿಗ್ಗೆ 7:05

ರಾತ್ರಿಯೆಲ್ಲ ನಿದ್ದೆ ಬರಲಿಲ್ಲ. ಮೇಷ್ಟ್ರು ಹೇಳಿದ ನೀರಿನ ಮಾತು ನನಗೆ ಅರ್ಥವಾಗಿದೆ, ಲೋಡ್ ಹೇಳಿದ್ದವನಿಗೆ ಬೇಡವೆಂದು ತಿಳಿಸಿದ್ದೇನೆ. ಆದರೆ ಮನೆಯ ಬಗ್ಗೆ ನಾನು ಕೇಳಿದ್ದಕ್ಕೆ ಇನ್ನೂ ಯಾರೂ ಉತ್ತರ ಕೊಟ್ಟಿಲ್ಲ.

ಮನೆ 9, ಬೆಳಿಗ್ಗೆ 7:40

ಉತ್ತರಿಸದೆ ಬಿಟ್ಟದ್ದು ನನ್ನ ತಪ್ಪು, ಕ್ಷಮಿಸಿ. 100 ಮೀಟರ್ ಒಳಗೆ ಹೊಸದಾಗಿ ಕಟ್ಟಬಾರದು, ಅದರಾಚೆಯ 200 ಮೀಟರಿನಲ್ಲಿ ಅನುಮತಿ ಬೇಕು ಎಂಬ ನಿಯಮ, ರಾಷ್ಟ್ರೀಯ ಮಹತ್ವದ್ದೆಂದು ಕೇಂದ್ರ ಸರ್ಕಾರ ಘೋಷಿಸಿದ ಸ್ಮಾರಕಗಳಿಗೆ ಸಂಬಂಧಿಸಿದ್ದು. ನಮ್ಮ ಸಮೀಪದಲ್ಲಿ ಇಕ್ಕೇರಿಯ ಅಘೋರೇಶ್ವರ ದೇವಾಲಯ ಅಂಥದ್ದು. ಒಂದು ಸುರಂಗ ಕಂಡ ಮಾತ್ರಕ್ಕೆ ಅದು ತಾನಾಗಿ ಸ್ಮಾರಕವಾಗುವುದಿಲ್ಲ. ಘೋಷಿಸುವ ಮೊದಲು ಸರ್ಕಾರ ಎರಡು ತಿಂಗಳ ನೋಟಿಸು ಕೊಟ್ಟು ಆಕ್ಷೇಪಣೆ ಕೇಳಬೇಕು. ಅಂಥ ಸಂದರ್ಭ ಬಂದರೆ ನಿಮ್ಮ ಆಕ್ಷೇಪಣೆಗೆ ನಾವೆಲ್ಲ ಸಹಿ ಹಾಕುತ್ತೇವೆ. ಸದ್ಯಕ್ಕೆ ನಿಮ್ಮ ಮನೆಗೆ ಬೇಕಾಗಿರುವುದು ಸುರಂಗ ಎಲ್ಲಿಯವರೆಗೆ ಹೋಗಿದೆ ಎಂಬ ನಕ್ಷೆ. ನೆಲ ಅಗೆಯದೆ, ಮೇಲಿನಿಂದಲೇ ವಿದ್ಯುತ್ ಹರಿಸಿ ಅಥವಾ ರಾಡಾರ್ ಎಳೆದು ಟೊಳ್ಳು ಪತ್ತೆ ಮಾಡುವ ವಿಧಾನಗಳಿವೆ. ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದ ಅನ್ವಯಿಕ ಭೂವಿಜ್ಞಾನ ವಿಭಾಗಕ್ಕೆ ಇವತ್ತೇ ಪತ್ರ ಬರೆಯುತ್ತೇನೆ.

ಸಂಘದ ಕಾರ್ಯದರ್ಶಿ, ಬೆಳಿಗ್ಗೆ 9:20

ಉಪವಿಭಾಗಾಧಿಕಾರಿಗಳಿಗೂ ಶಿವಮೊಗ್ಗದ ಶಿವಪ್ಪನಾಯಕ ಅರಮನೆಯಲ್ಲಿರುವ ಪುರಾತತ್ವ ಇಲಾಖೆಯವರಿಗೂ ನಾಳೆ ಕೊಡುವ ಮನವಿಯ ಒಕ್ಕಣೆ ಹೀಗಿದೆ, ತಿದ್ದುವುದಿದ್ದರೆ ಸಂಜೆಯೊಳಗೆ ತಿಳಿಸಿ:

“ನಮ್ಮ ಬಡಾವಣೆಯ ಹಿಂಬದಿ ಧರೆಯಲ್ಲಿ ಶನಿವಾರ ಮಧ್ಯಾಹ್ನ ಹಳೆಯ ಸುರಂಗವೊಂದು ಗೋಚರಿಸಿದ್ದು, ಅದರಿಂದ ಹೊರಬಂದ ಒಂದು ಕಬ್ಬಿಣದ ವಸ್ತುವನ್ನು ಪೊಲೀಸರಿಗೆ ಒಪ್ಪಿಸಲಾಗಿದೆ. ಅಪರಿಚಿತರು ರಾತ್ರಿ ಒಳಹೊಕ್ಕ ಗುರುತುಗಳಿವೆ. ಸುರಂಗವು ವಾಸದ ಮನೆಗಳ ಅಡಿಯಲ್ಲಿ ಹಾದುಹೋಗಿರುವ ಸಾಧ್ಯತೆಯಿರುವುದರಿಂದ, ಮುಂಗಾರು ಆರಂಭವಾಗುವ ಮೊದಲೇ ಸ್ಥಳ ಪರಿಶೀಲಿಸಿ, ಅದರ ವ್ಯಾಪ್ತಿಯನ್ನು ಗುರುತಿಸಿ, ನೀರಿನ ಹರಿವಿಗೆ ತಡೆಯಾಗದಂತೆ ಧರೆಯನ್ನು ಭದ್ರಪಡಿಸಲು, ಮತ್ತು ಅಲ್ಲಿಯವರೆಗೆ ಕಾವಲು ಒದಗಿಸಲು ಕೋರುತ್ತೇವೆ.”

ಬೇಲಿಯನ್ನು ಇಂದೇ ಕಟ್ಟಬೇಕು. ಬಾಯಿಯಿಂದ ಹದಿನೈದು ಅಡಿ ದೂರದಲ್ಲಿ ಬೇಲಿ ಇರಲಿ, ಧರೆಯ ಮೇಲ್ಭಾಗಕ್ಕೆ ತಾಡಪಾಲು ಹೊದಿಸೋಣ, ಸುರಂಗದಿಂದ ಬರುವ ನೀರು ಚರಂಡಿಗೆ ಸೇರುವಂತೆ ಸಣ್ಣ ಕಾಲುವೆ ಬಿಡಿಸೋಣ. ಆದರೆ ಬಾಂಬ್ ನಿಷ್ಕ್ರಿಯ ದಳದವರು ಮಣ್ಣಿನ ಗುಡ್ಡೆಯನ್ನು ಪರೀಕ್ಷಿಸಿ ಹೇಳುವವರೆಗೆ ಯಾರೂ ಗುದ್ದಲಿ ಹಿಡಿಯಬಾರದು.

ಮನೆ 22, ಬೆಳಿಗ್ಗೆ 9:34

ನಮ್ಮ ಕೊಟ್ಟಿಗೆಯಲ್ಲಿ ನಲವತ್ತು ಅಡಕೆ ದಬ್ಬೆಗಳಿವೆ, ಬೇಲಿಗೆ ಸಾಕು. ಇಂದಿನ ರಾತ್ರಿಯ ಕಾವಲಿಗೆ ಹತ್ತರಿಂದ ಎರಡರವರೆಗೆ ನಾನು ಮತ್ತು ನನ್ನ ತಮ್ಮ ಕೂರುತ್ತೇವೆ. ಎರಡರ ನಂತರ ಯಾರು ಬರುತ್ತೀರಿ?

ಮನೆ 5, ಬೆಳಿಗ್ಗೆ 9:41

ನಾನು ಬರುತ್ತೇನೆ, ಅಣ್ಣ.