‘ವರ್ಣಾಂಧತೆ’ಗೆ ಬೇರೆ ಪದ, ನಕ್ಷೆಯ ಗೆರೆಗಳಿಗೆ ಹೆಸರು

ಕಾರವಾರದಲ್ಲಿ ವೈರಿಂಗ್ ಕಲಿಯುವ ವಿದ್ಯಾರ್ಥಿಗಳಿಗಾಗಿ ಕನ್ನಡದಲ್ಲಿ ಒಂದು ಕಿರುಕೈಪಿಡಿಯನ್ನು ಸಿದ್ಧಪಡಿಸುತ್ತಿದ್ದೇನೆ. ಕೆಂಪು ಹಸಿರುಗಳ ವ್ಯತ್ಯಾಸ ತಿಳಿಯದವರೂ ಓದಬಲ್ಲಂತೆ ನಕ್ಷೆ ಬರೆಯುವ ಕ್ರಮವನ್ನು ವಿವರಿಸುವ ಅಧ್ಯಾಯದಲ್ಲಿ ಕೆಲವು ಪದಗಳ ತೊಡಕು ಎದುರಾಗಿದೆ. ಬಲ್ಲವರು ದಯವಿಟ್ಟು ಅಭಿಪ್ರಾಯ ತಿಳಿಸಬೇಕು.

ಈ ಸ್ಥಿತಿಗೆ ಪಠ್ಯಪುಸ್ತಕಗಳಲ್ಲಿ ‘ವರ್ಣಾಂಧತೆ’ ಎಂಬುದೇ ರೂಢಿ. ಕೆಲವರು ‘ಬಣ್ಣಗುರುಡು’ ಎಂದೂ ಬರೆಯುತ್ತಾರೆ. ಎರಡರಲ್ಲಿಯೂ ಕುರುಡಿನ ಮಾತಿರುವುದರಿಂದ, ಇಂಥವರಿಗೆ ಲೋಕವೆಲ್ಲ ಕಪ್ಪು-ಬಿಳುಪಾಗಿ ಕಾಣುತ್ತದೆಂದು ಓದುಗರು ಭಾವಿಸುವ ಸಂಭವವಿದೆ. ಅಂಥ ಸ್ಥಿತಿ ತೀರ ವಿರಳ. ಹೆಚ್ಚಿನವರಿಗೆ ನೀಲಿ, ಹಳದಿಗಳು ಸರಿಯಾಗಿಯೇ ಕಾಣುತ್ತವೆ. ಕಣ್ಣಿನ ಒಳಪದರವಾದ ಅಕ್ಷಿಪಟಲದಲ್ಲಿ ಕೆಂಪನ್ನೋ ಹಸಿರನ್ನೋ ಗ್ರಹಿಸುವ ಕೋಶಗಳು ಇಲ್ಲದಿರುವುದರಿಂದ ಅಥವಾ ಬೇರೆ ಬಗೆಯವಾಗಿರುವುದರಿಂದ ಮುಖ್ಯವಾಗಿ ಆ ಎರಡು ಬಣ್ಣಗಳು ಒಂದರೊಡನೊಂದು ಕಲೆತುಹೋಗುತ್ತವೆ. ಕೆಂಪಿನ ಕೋಶಗಳೇ ಇಲ್ಲದವರಿಗಂತೂ ಕೆಂಪು ಬಹಳ ಕಪ್ಪಾಗಿ ತೋರುತ್ತದೆ. ನಮ್ಮ ಮನೆಗಳ ವೈರಿಂಗಿನಲ್ಲಿ ಫೇಸ್ (ವಿದ್ಯುತ್ ತರುವ ತಂತಿ) ಕೆಂಪು, ನ್ಯೂಟ್ರಲ್ (ಅದು ಮರಳುವ ತಂತಿ) ಕಪ್ಪು, ಅರ್ತಿಂಗ್ (ನೆಲಕ್ಕೆ ಸೇರುವ ರಕ್ಷಣೆಯ ತಂತಿ) ಹಸಿರು ಆಗಿರುವಾಗ, ಬಣ್ಣವೊಂದನ್ನೇ ನಂಬಿ ಬರೆದ ನಕ್ಷೆಯಿಂದ ಇಂಥವರಿಗೆ ಆಗುವ ಗೊಂದಲ ಸಣ್ಣದಲ್ಲ. ‘ವರ್ಣಭೇದ ನ್ಯೂನತೆ’ ಎನ್ನೋಣವೆಂದರೆ, ‘ವರ್ಣಭೇದ’ ಎಂದೊಡನೆ ದಕ್ಷಿಣ ಆಫ್ರಿಕವೇ ನೆನಪಿಗೆ ಬರುತ್ತದೆ! ‘ಬಣ್ಣ ಗುರುತಿಸುವ ತೊಡಕು’ ಎಂಬುದು ಉದ್ದವಾದರೂ ಸದ್ಯಕ್ಕೆ ನನಗೆ ಒಪ್ಪಿಗೆಯಾಗಿದೆ.

ಬಣ್ಣದ ಜೊತೆಗೆ ಆಕಾರವೂ ಗುರುತಾಗಬೇಕೆಂಬುದನ್ನು ಇಲ್ಲಿನ ಮೀನುಗಾರಿಕಾ ಬಂದರಾದ ಬೈತಖೋಲದ ಕಡೆಯ ವಿದ್ಯಾರ್ಥಿಗಳಿಗೆ ಹೇಳಿಕೊಡುವುದು ಸುಲಭ. ಭಾರತದ ಬಂದರುಗಳು ಅನುಸರಿಸುವ ಪದ್ಧತಿಯಲ್ಲಿ, ಸಮುದ್ರದಿಂದ ಒಳಬರುವ ದೋಣಿಯ ಎಡಕ್ಕಿರುವ ಕೆಂಪು ತೇಲುಗುರುತಿನ ತಲೆ ಚಪ್ಪಟೆ, ಬಲಕ್ಕಿರುವ ಹಸಿರಿನದು ಚೂಪು. ನಕ್ಷೆಯಲ್ಲಿ ಈ ಕೆಲಸವನ್ನು ಗೆರೆಯ ಬಗೆಯೇ ಮಾಡಬೇಕು: ಫೇಸಿಗೆ ಅಖಂಡ ಗೆರೆ, ನ್ಯೂಟ್ರಲಿಗೆ ತುಂಡುತುಂಡಾದದ್ದು, ಅರ್ತಿಂಗಿಗೆ ತುಂಡು-ಚುಕ್ಕೆಗಳು ಸರದಿಯಾಗಿ ಬರುವಂಥದ್ದು. ಯಂತ್ರದ ನಕ್ಷೆಗಳಲ್ಲಿ ಕೊನೆಯದು ಮಧ್ಯರೇಖೆಗೂ ತುಂಡುಗಳದ್ದು ಮರೆಯಾದ ಅಂಚಿಗೂ ಮೀಸಲಾಗಿರುವುದರಿಂದ, ನಕ್ಷೆಯ ಮೂಲೆಯಲ್ಲಿ ಸಂಕೇತಗಳ ಪಟ್ಟಿಯನ್ನು ಕೊಡಲೇಬೇಕು.

ತೊಡಕೆಂದರೆ, ಬಿಂದುಗಳ ಗೆರೆಯನ್ನೂ ತುಂಡುಗಳ ಗೆರೆಯನ್ನೂ ಜನ ‘ಚುಕ್ಕೆ ಗೆರೆ’ ಎಂದೇ ಕರೆಯುತ್ತಾರೆ. ಎರಡನೆಯದಕ್ಕೆ ‘ತುಂಡುಗೆರೆ’, ಮಿಶ್ರವಾದದ್ದಕ್ಕೆ ‘ತುಂಡುಚುಕ್ಕೆ ಗೆರೆ’ ಎಂದರೆ ಅರ್ಥವಾದೀತೇ? ಶಿರಸಿಯ ಕಡೆ ಕಟ್ಟಡದ ನಕ್ಷೆ ಬರೆಯುವವರಲ್ಲಿ ಇವುಗಳಿಗೆ ಬಳಕೆಯ ಹೆಸರುಗಳಿದ್ದರೆ, ನಾನು ಕಟ್ಟಿದ ಪದಗಳನ್ನು ಬಿಟ್ಟು ಅವನ್ನೇ ಕೈಪಿಡಿಗೆ ಸೇರಿಸಿಕೊಳ್ಳುತ್ತೇನೆ.